ಹಿತ್ತಲಿನಲ್ಲಿ ಸುಟ್ಟ ಬಾವುಟ

ಗೈದರ್ಸ್‌ಬರ್ಗ್, ಮೇರಿಲ್ಯಾಂಡ್
27 ಏಪ್ರಿಲ್ 2025, ರವಿವಾರ

ಅಣ್ಣಾ, ನಿನಗೂ ವೈನಿಗೂ ಶರಣು.

ಲಕೋಟೆ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಬೆಳಿಗ್ಗೆ ಫೋನಿನಲ್ಲಿ ನಿನ್ನ ಮಂಡಿನೋವು, ಇಲ್ಲಿಯ ಹವೆ ಎಲ್ಲ ಮಾತಾಡಿದೆವು, ಆದರೆ ಹೇಳಬೇಕಾದದ್ದು ಹೇಳಲಿಲ್ಲ. ಅದಕ್ಕೇ ಈ ಕಾಗದ. ನಾನು ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿದ್ದೇನೆ. ಅರ್ಜಿ ಹಾಕಿದವರ ಫೋನು, ಮೆಸೇಜು ಎಲ್ಲವನ್ನೂ ನೋಡುತ್ತಾರಂತೆ. ನಿಜವೋ ಸುಳ್ಳೋ ಗೊತ್ತಿಲ್ಲ, ಆದರೆ ನಮ್ಮ ಕನ್ನಡ ಸಂಘದವರೆಲ್ಲ ಅದನ್ನೇ ಹೇಳುತ್ತಾರೆ. ಇನ್ನು ಮೇಲೆ ಫೋನಿನಲ್ಲಿ ಹಬ್ಬ, ಆರೋಗ್ಯ, ಅಡುಗೆ ಇಷ್ಟೇ ಇರಲಿ.

ಇವರು ನಾಲ್ಕು ವರ್ಷದ ಹಿಂದೆಯೇ ಪೌರರಾದರು. ಮಗಳು ಶ್ರಾವಣಿ ಇಲ್ಲೇ ಹುಟ್ಟಿದವಳು. ಮನೆಯಲ್ಲಿ ನಾನೊಬ್ಬಳೇ ಹೊರಗಿನವಳು. ಅವ್ವ ಇರುವ ತನಕ ನನಗೆ ಮನಸ್ಸು ಬರಲಿಲ್ಲ. ಮೂವತ್ತೊಂದು ವರ್ಷ ಹುಬ್ಬಳ್ಳಿ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಕೂತು ನಮ್ಮ ದೇಶದ ಬಾವುಟ ಹೊಲಿದವಳ ಮುಂದೆ ಹೋಗಿ, ಆ ಪಾಸ್‌ಪೋರ್ಟ್ ತಿರುಗಿ ಕೊಟ್ಟೆ ಅಂತ ಹ್ಯಾಂಗ ಹೇಳಲಿ? ಈಗ ಅವ್ವನೂ ಇಲ್ಲ, ಗ್ರೀನ್ ಕಾರ್ಡ್ ಇದ್ದರೂ ರಾತ್ರಿ ನಿದ್ದೆ ಇಲ್ಲ. ನಮ್ಮ ಲ್ಯಾಬಿನಲ್ಲಿ ಯಾರಾದರೂ ಊರಿಗೆ ಹೊರಟರೆ, ವಾಪಸ್ ಬಿಡುತ್ತಾರೋ ಇಲ್ಲವೋ ಎಂದು ಕೇಳಿ ಬೀಳ್ಕೊಡುವ ಕಾಲ ಬಂದಿದೆ.

ಇಂಥ ಹೊತ್ತಿನಲ್ಲಿ ನಿನ್ನ ಸೊಸಿ ಏನು ಮಾಡಿದ್ದಾಳೆ ಕೇಳು. ಇಲ್ಲಿ ಶಾಲೆಯಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ಎದ್ದು, ಎದೆಯ ಮೇಲೆ ಕೈಯಿಟ್ಟು, ಬಾವುಟದ ಕಡೆ ನೋಡಿ, ಎಲ್ಲರಿಗೂ ನ್ಯಾಯ ಎಂದು ಮುಗಿಯುವ ಪ್ರತಿಜ್ಞೆ ಹೇಳುತ್ತಾರೆ. ಆರು ವಾರದಿಂದ ಶ್ರಾವಣಿ ಏಳುತ್ತಿಲ್ಲ. ಕೂತೇ ಇರುತ್ತಾಳೆ. ಅವಳ ಗೆಳತಿಯ ತಂದೆಯನ್ನು ಮಾರ್ಚ್‌ನಲ್ಲಿ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ವಲಸೆ ಇಲಾಖೆಯವರು ಹಿಡಿದುಕೊಂಡು ಹೋದರು. "ಎಲ್ಲರಿಗೂ ಜಸ್ಟಿಸ್ ಅಂತ ನಾನು ಹ್ಯಾಗೆ ಹೇಳ್ಲಿ ಅಮ್ಮಾ? ಇಟ್ಸ್ ನಾಟ್ ಟ್ರೂ" ಅನ್ನುತ್ತಾಳೆ. ಕೂತಿರುವ ಹಕ್ಕು ಮಕ್ಕಳಿಗೆ ಇದೆಯಂತೆ, ಶಾಲೆಯವರು ಏನೂ ಅನ್ನುವುದಿಲ್ಲ. ಆದರೆ ಓಣಿಯ ಮಂದಿಗೆ ಗೊತ್ತಾಗಿದೆ.

ಅದೇ ಹುಡುಗಿ ಶನಿವಾರ ಬಂದರೆ ಅಲಾರಂ ಇಲ್ಲದೆ ಏಳುತ್ತಾಳೆ. ನಮ್ಮ ಬಡಾವಣೆಯ ಸ್ವಯಂಸೇವಕರ ಅಗ್ನಿಶಾಮಕ ಠಾಣೆಯಲ್ಲಿ ಕೆಡೆಟ್ ಆಗಿದ್ದಾಳಲ್ಲ, ಅಲ್ಲಿ ಪೈಪು ಸುತ್ತುವುದು, ಆ್ಯಂಬುಲೆನ್ಸ್ ತೊಳೆಯುವುದು ಎಲ್ಲ ಮಾಡುತ್ತಾಳೆ. ಮನೆಯಲ್ಲಿ ಒಂದು ತಾಟು ತೊಳೆದವಳಲ್ಲ. ಇವರು ವಾರವಿಡೀ ಅಟ್ಲಾಂಟಾದ ಆಫೀಸಿನಲ್ಲಿ, ಬರುವುದು ಹದಿನೈದು ದಿನಕ್ಕೊಮ್ಮೆ. ನಾನೊಬ್ಬಳೇ ಎಷ್ಟು ಜಗಳಾಡಲಿ? ನೀನೇ ಏನಾದರೂ ಹೇಳು.

ನಿನ್ನ ತಂಗಿ,
ಸಿದ್ದೇಶ್ವರಿ


ಟೆಲ್ಫರ್ಡ್, ಇಂಗ್ಲೆಂಡ್
11 ಮೇ 2025

ತಂಗಿ ಸಿದ್ದೀ,

ಇಪ್ಪತ್ತು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಇನ್ನೂ ಹಾಗೇ ಇವೆ, ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲೇರುತ್ತದೆ. ನಿನ್ನ ವೈನಿ ರೇಣುಕಾ ಲಕೋಟೆ ನೋಡಿ ಮೊದಲು ನನ್ನ ರಕ್ತದೊತ್ತಡದ ಗುಳಿಗೆ ತಂದುಕೊಟ್ಟಳು, ಆಮೇಲೆ ಕಾಗದ.

ನಿಮ್ಮ ಅಮೆರಿಕದವರ ದೇಶಪ್ರೇಮ ನೋಡಿದರೆ ನನಗೆ ಸುಸ್ತಾಗುತ್ತದೆ. ಮನೆ ಮುಂದೆ ಬಾವುಟ, ಬ್ಯಾಂಕಿನ ಮುಂದೆ ಬಾವುಟ, ಹಳೇ ಕಾರು ಮಾರುವವನ ಅಂಗಳದಲ್ಲಿ ಎಲ್ಲಕ್ಕಿಂತ ದೊಡ್ಡ ಬಾವುಟ. ಎರಡು ವರ್ಷದ ಹಿಂದೆ ನಿಮ್ಮಲ್ಲಿಗೆ ಬಂದಾಗ ಮಕ್ಕಳ ಬೇಸ್‌ಬಾಲ್ ಆಟಕ್ಕೂ ರಾಷ್ಟ್ರಗೀತೆ ಹಾಡಿ, ಪಾಪ್‌ಕಾರ್ನ್ ಕೈಯಲ್ಲಿ ಹಿಡಿದು ನಿಲ್ಲಿಸಿದ್ದರಲ್ಲ! ಇಲ್ಲಿ ಹಾಗಿಲ್ಲ. ಇಲ್ಲಿ ದೇಶಪ್ರೇಮ ಅಂದರೆ ಹವೆಯನ್ನೂ ರೈಲನ್ನೂ ದಿನಾ ಬಯ್ಯುವುದು, ಅದನ್ನೇ ಹೊರಗಿನವನು ಬಯ್ದರೆ ಮುಖ ಗಂಟು ಹಾಕುವುದು. ನವೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಎದೆಗೊಂದು ಕೆಂಪು ಕಾಗದದ ಹೂವು, ಎರಡು ನಿಮಿಷ ಮೌನ, ಮುಗಿಯಿತು. ಬಾವುಟ ಹೊರಗೆ ಬರುವುದು ಫುಟ್‌ಬಾಲ್ ಬಂದಾಗ, ಸೋತ ಮರುದಿನ ಒಳಗೆ ಹೋಗುತ್ತದೆ. ನಾನು ಪೌರನಾದ ದಿನ ಕೌನ್ಸಿಲ್ಲಿನ ಹಾಲ್‌ನಲ್ಲಿ ಚೀಟಿ ನೋಡಿಕೊಂಡು ಗೀತೆ ಹಾಡಿದೆವು. ಹಾಡಿಸಿದ ಅಮ್ಮನೂ ಚೀಟಿ ನೋಡಿಕೊಂಡೇ ಹಾಡಿದಳು. ಆಮೇಲೆ ಚಹಾ, ಬಿಸ್ಕೀಟು.

ಪರ್ತ್‌ನಲ್ಲಿದ್ದ ಎರಡು ವರ್ಷ ಇನ್ನೊಂದು ಥರ. ಆಸ್ಟ್ರೇಲಿಯಾದವರು ಜನವರಿ ಇಪ್ಪತ್ತಾರಕ್ಕೆ, ಅವರ ರಾಷ್ಟ್ರದಿನವೂ ಅದೇ, ಹಿತ್ತಲಲ್ಲಿ ಒಲೆ ಹೊತ್ತಿಸಿ ಕೂಗಾಡುತ್ತಿದ್ದರು. ನನ್ನ ವಾರ್ಡಿನ ಅಲ್ಲಿಯ ಮೂಲನಿವಾಸಿ ನರ್ಸ್ ಅಂದು ಕಪ್ಪು ಅಂಗಿ ಹಾಕಿ ಬರುತ್ತಿದ್ದಳು, ನಮ್ಮ ನೆಲ ಹೋದ ದಿನ ಇದು ಅಂತ. ಇನ್ನು ಟೊರಾಂಟೋದ ನಮ್ಮ ಬದರಿನಾಥ, ನಿಮ್ಮವರು ಹಾಕಿದ ಸುಂಕದ ಸಿಟ್ಟಿಗೆ ಈ ವರ್ಷ ಕಿತ್ತಳೆ ಹಣ್ಣಿನ ಮೇಲಿನ ಚೀಟಿ ಓದಿ ಅಮೆರಿಕದ್ದಾದರೆ ವಾಪಸ್ ಇಡುತ್ತಾನಂತೆ. ಇಂಗ್ಲಿಷ್ ಒಂದೇ, ಆದರೆ ಒಬ್ಬೊಬ್ಬರ ಭಕ್ತಿ ಒಂದೊಂದು ನಮೂನೆ.

ಶ್ರಾವಣಿ ಕೂತರೆ ಕೂಡಲಿ ಬಿಡು. ಆಕಾಶ ಕಳಚಿ ಬೀಳುವುದಿಲ್ಲ. ನೀನು ಸಣ್ಣದನ್ನು ದೊಡ್ಡದು ಮಾಡುವುದರಲ್ಲಿ ಮೊದಲಿನಿಂದಲೂ ನಿಸ್ಸೀಮಳು. ಯಶವಂತನಿಗೆ ಹೇಳು, ಅಟ್ಲಾಂಟಾದಲ್ಲಿ ಉಪ್ಪಿಟ್ಟು ತಿಂದು ಬದುಕಬೇಡ ಅಂತ.

ನಿನ್ನ ಅಣ್ಣ,
ಕಲ್ಮೇಶ


ಗೈದರ್ಸ್‌ಬರ್ಗ್
8 ಜುಲೈ 2025

ಅಣ್ಣಾ,

ನೀನು ಸಣ್ಣದು ಅಂದದ್ದು ಸಣ್ಣದಾಗಿ ಉಳಿಯಲಿಲ್ಲ.

ಮನೆ ಮುಂದಿನ ಬಾವುಟ ನಿನಗೆ ನೆನಪಿರಬೇಕು, ಇವರು ಪೌರರಾದ ವಾರ ತಂದು ಕಟ್ಟಿದ್ದು. ಬಿಸಿಲಿಗೆ ಬಣ್ಣ ಹೋಗಿ, ತುದಿ ಎಳೆಎಳೆಯಾಗಿತ್ತು. ನಾಲ್ಕನೇ ತಾರೀಖಿನ ಸ್ವಾತಂತ್ರ್ಯದ ಹಬ್ಬಕ್ಕೆ ಹೊಸದು ತಂದು ಕಟ್ಟಿದೆವು. ಹಳೆಯದನ್ನು ಮೂರನೇ ತಾರೀಖು ಬೆಳಿಗ್ಗೆ ಹಿತ್ತಲಲ್ಲಿ, ಗ್ರಿಲ್ಲಿನ ಮೇಲೆ ಸುಟ್ಟದ್ದಾಗಿದೆ. ಹಿಂದಿನ ಮನೆಯವರು ಕಿಟಕಿಯಿಂದ ಫೋಟೋ ತೆಗೆದಿದ್ದಾರೆ. ಗ್ರಿಲ್ಲಿನ ಮುಂದೆ ಶ್ರಾವಣಿ ನಿಂತಿದ್ದಾಳೆ, ಅವಳ ಹಿಂದೆ ಹೊಗೆ, ಕೆಂಪು ಬಿಳಿ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಓಣಿಯ ಆ್ಯಪ್‌ನಲ್ಲಿ ಹಾಕಿ, ಶಾಲೆಯಲ್ಲಿ ಎದ್ದು ನಿಲ್ಲದ ಹುಡುಗಿ ಈಗ ಇಲ್ಲಿಗೆ ಮುಟ್ಟಿದ್ದಾಳೆ ಎಂದು ಬರೆದರು. ಸಂಜೆಯೊಳಗೆ ಇನ್ನೂರು ಮಂದಿ ಬಾಯಿಗೆ ಬಂದದ್ದು ಬರೆದಿದ್ದರು.

ಶ್ರಾವಣಿ ತಾನೇ ಸುಟ್ಟದ್ದೆಂದು ಒಪ್ಪಿಕೊಂಡಿದ್ದಾಳೆ. ಠಾಣೆಯ ಕ್ಯಾಪ್ಟನ್ ಕರೆಸಿ, ಸದ್ಯಕ್ಕೆ ಬರಬೇಡ ಅಂದರಂತೆ. ಅಲ್ಲಿ ಸೈನ್ಯದಲ್ಲಿ ಇದ್ದುಬಂದವರು ಬಹಳ. ಕೆಡೆಟ್ ಅಂಗಿಯನ್ನು ಅವಳೇ ಒಗೆದು, ಇಸ್ತ್ರಿ ಮಾಡಿ ಕೊಟ್ಟುಬಂದಳು.

ಅದೇ ವಾರ ನನ್ನ ಸಂದರ್ಶನದ ಕಾಗದ ಬಂತು. ಆಗಸ್ಟ್ 19, ಬಾಲ್ಟಿಮೋರ್. ಮನೆಯಲ್ಲಿ ಬಾವುಟ ಸುಟ್ಟವರಿದ್ದಾರೆ ಎಂದು ಯಾರಾದರೂ ಬರೆದು ಹಾಕಿದರೆ ನನ್ನ ಗತಿ ಏನು? ಇರುವ ಕಾರ್ಡನ್ನೂ ಕಿತ್ತುಕೊಂಡರೆ ನಾನು ಮಗಳನ್ನು ಬಿಟ್ಟು ಎಲ್ಲಿಗೆ ಹೋಗಲಿ?

ಫೋನಿನಲ್ಲಿ ಈ ವಿಷಯ ಎತ್ತಬೇಡ.

ಸಿದ್ದಿ


ಟೆಲ್ಫರ್ಡ್
20 ಜುಲೈ 2025

ಸಿದ್ದೀ,

ಈ ಪತ್ರವನ್ನು ಶ್ರಾವಣಿಗೆ ಓದಿ ಹೇಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅದೂ ನಿಮ್ಮದೇ ತಪ್ಪು.

ಶ್ರಾವಣಿ, ಕೂತಿರುವುದು ಬೇರೆ, ಸುಡುವುದು ಬೇರೆ. ನಿನ್ನ ಅಮ್ಮನ ಅರ್ಜಿ ಅಧಿಕಾರಿಗಳ ಮೇಜಿನ ಮೇಲಿದೆ ಎಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ನಿನ್ನನ್ನು ಯಾರೂ ಆ ದೇಶದಿಂದ ಕಳಿಸಲಾರರು, ನಿನ್ನ ಅಮ್ಮನಿಗೆ ಆ ಪುಣ್ಯವಿಲ್ಲ. ನಿನ್ನ ಅಜ್ಜಿ ಬಟ್ಟೆಯ ಎಳೆ ಎಣಿಸಿ ಬಾವುಟ ಹೊಲಿದವಳು. ಹೊಲಿಗೆ ಕೂಡುವ ಮೊದಲು ಕೈ ತೊಳೆಯುತ್ತಿದ್ದಳು. ಯಾವ ದೇಶದ್ದೇ ಆಗಲಿ, ಬಾವುಟ ಸುಟ್ಟ ಮೊಮ್ಮಗಳು ಅವಳಿಗಿದ್ದಾಳೆ ಅಂದರೆ ನನಗೆ ನಾಚಿಕೆಯಾಗುತ್ತದೆ. ಕ್ಷಮೆ ಕೇಳು. ಅಮ್ಮನ ಹತ್ತಿರವೂ, ಆ ಓಣಿಯವರ ಹತ್ತಿರವೂ.

ಸಿದ್ದೀ, ನೀನು ಧೈರ್ಯವಾಗಿರು. ವಕೀಲರನ್ನು ಕಾಣು. ಇಲ್ಲಿ ಎಲ್ಲ ಆರಾಮ.

ಕಲ್ಮೇಶ


ಗೈದರ್ಸ್‌ಬರ್ಗ್
4 ಆಗಸ್ಟ್ 2025

ಅಣ್ಣಾ,

ನಿನ್ನ ಪತ್ರ ಓದಿ ಹೇಳಲಿಲ್ಲ. ಲಕೋಟೆ ನೋಡಿ ಅವಳೇ ಕೇಳಿದಳು, "ಮಾಮಾ ಏನ್ ಬರ್ದಿದಾರೆ? ನನ್ನ ಬಗ್ಗೆ ಇದೆಯಾ?" ಚೆನ್ನಾಗಿ ಓದು ಅಂತ ಬರೆದಾನೆ ಅಂದೆ. "ದಟ್ಸ್ ಇಟ್?" ಅಂದು ನನ್ನ ಮುಖವನ್ನೇ ನೋಡಿದಳು. ನಾನು ಒಗ್ಗರಣೆಯ ನೆಪ ಮಾಡಿ ಒಲೆಯ ಕಡೆ ತಿರುಗಿದೆ.

ಅವಳ ಮೇಲೆ ಅಷ್ಟು ಕಟುವಾಗಬೇಡ ಅಣ್ಣಾ. ನೀನು ತಿಳಿದಂತೆ ತಿರಸ್ಕಾರದಿಂದ ಆದದ್ದಲ್ಲ. ಬಾವುಟವನ್ನು ಹಿಂದಿನ ದಿನವೇ ಒಗೆದು ಒಣಗಿಸಿದ್ದು. ಮಡಿಚಿದ ಮಡಿಕೆ ಬಿಚ್ಚದೆ, ಮೇಲೆ ಒಂದು ಬಿಲ್ಲೆ ಕರ್ಪೂರ ಇಟ್ಟು ಹಚ್ಚಿದ್ದು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬೂದಿಯನ್ನು ಕಸಕ್ಕೆ ಹಾಕಲಿಲ್ಲ, ಹಿತ್ತಲಿನ ಹೂವಿನ ಗಿಡದ ಬುಡ ಕೆದರಿ ಮುಚ್ಚಿದ್ದು. ಇಷ್ಟು ಮರ್ಯಾದೆಯಿಂದ ಯಾರು ಸುಡುತ್ತಾರೆ ಹೇಳು? ಫೋಟೋದಲ್ಲಿ ಇದು ಯಾವುದೂ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಈಗಲೂ ಬೇಗ ಏಳುತ್ತಾಳೆ. ಎದ್ದು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿ, ಮತ್ತೆ ಬಿಚ್ಚುತ್ತಾಳೆ. ಸೈರನ್ ಕೇಳಿದರೆ ಊಟದ ನಡುವೆ ತಲೆ ಎತ್ತುತ್ತಾಳೆ. ನನಗೆ ನೋಡಲಾಗುತ್ತಿಲ್ಲ.

ಸಂದರ್ಶನಕ್ಕೆ ಇನ್ನು ಹದಿನೈದು ದಿನ. ನೂರು ಪ್ರಶ್ನೆ ಬಾಯಿಪಾಠ ಮಾಡಿದ್ದೇನೆ. ಪಟ್ಟಿಗಳು ಎಷ್ಟು, ನಕ್ಷತ್ರಗಳು ಎಷ್ಟು, ಏಕೆ. ಅವಳೇ ಕೂತು ಹೇಳಿಸುತ್ತಾಳೆ, ತಪ್ಪಿದರೆ ತಿದ್ದುತ್ತಾಳೆ.

ಸಿದ್ದಿ


ಟೆಲ್ಫರ್ಡ್
1 ಸೆಪ್ಟೆಂಬರ್ 2025

ಸಿದ್ದೀ,

ನಿನ್ನ ಪತ್ರ ಬಂದು ಹದಿನೈದು ದಿನದ ಮೇಲಾಯಿತು. ರವಿವಾರ ಫೋನಿನಲ್ಲಿ ನೀನು ಸಂದರ್ಶನ ಪಾಸಾಯಿತು ಅಂದೆ, ನಾನು ಅಭಿನಂದನೆ ಅಂದೆ, ಆಮೇಲೆ ಮೆಂತ್ಯದ ಕಡುಬಿನ ಬಗ್ಗೆ ಮಾತಾಡಿದೆವು. ನನ್ನ ಬಾಯಲ್ಲಿ ಇನ್ನೊಂದೇ ಮಾತಿತ್ತು. ಅದನ್ನು ಈಗ ಬರೆಯುತ್ತೇನೆ, ಸಿಟ್ಟಾಗು, ಆದರೆ ಓದು.

ನಮ್ಮ ಶಾಲೆಯ ಬಾವುಟ ಹರಿದಾಗ ಹೆಡ್‌ಮಾಸ್ತರರು ಅದನ್ನು ಅವ್ವನ ಕೈಗೆ ತಂದು ಕೊಡುತ್ತಿದ್ದರು. ಅವ್ವ ಅದನ್ನು ಒಗೆದು ಒಣಗಿಸುತ್ತಿದ್ದಳು. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಮಿಂದು, ಬರಿಗಾಲಲ್ಲಿ ಹಿತ್ತಲಿಗೆ ಹೋಗಿ, ಮಡಿಕೆಯ ಮೇಲೆ ಕರ್ಪೂರ ಇಟ್ಟು ಹಚ್ಚುತ್ತಿದ್ದಳು. ಬೂದಿ ಕಣಗಿಲೆಯ ಬುಡಕ್ಕೆ. ಶ್ರಾವಣಿ ಅಜ್ಜಿಯನ್ನು ಕಂಡದ್ದು ಮೂರು ಸಲ, ಅದೂ ಡಿಸೆಂಬರ್ ರಜೆಯಲ್ಲಿ. ಅವ್ವ ಬಾವುಟ ಸುಟ್ಟದ್ದನ್ನು ಕಣ್ಣಾರೆ ನೋಡಿದವರು ಈಗ ಜಗತ್ತಿನಲ್ಲಿ ಇಬ್ಬರೇ. ಒಬ್ಬ ನಾನು, ನಾನು ಟೆಲ್ಫರ್ಡ್‌ನಲ್ಲಿದ್ದೆ.

ಇನ್ನೊಬ್ಬಳು ನೀನು, ಸಿದ್ದಿ. ಸುಟ್ಟವಳು ನೀನು. ನಿನ್ನ ಪಾಲಿನದನ್ನು ಹದಿನಾರು ವರ್ಷದ ಹುಡುಗಿ ಹೊತ್ತಿದ್ದಾಳೆ, ನಾನು ಅವಳಿಗೆ ಬಾಯಿಗೆ ಬಂದಂತೆ ಬರೆದೆ. ನೀನು ಓದಿ ಹೇಳದೇ ಇದ್ದದ್ದು ಒಂದು ಪುಣ್ಯ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಇಲ್ಲಿ ಎಲ್ಲ ಆರಾಮ ಎಂದು ಬರೆದೆ, ಈಗ ಆರಾಮ ಇಲ್ಲ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ರಸ್ತೆಯ ದೀಪದ ಕಂಬಗಳಿಗೆಲ್ಲ ಬಾವುಟ. ಇಂಗ್ಲೆಂಡಿನದು, ಬಿಳಿಯ ಮೇಲೆ ಕೆಂಪು ಶಿಲುಬೆ. ಯಾವುದೋ ಮ್ಯಾಚ್ ಇರಬೇಕು ಅಂದುಕೊಂಡು, ಪಕ್ಕದ ಮನೆಯವನನ್ನು ಸ್ಕೋರ್ ಎಷ್ಟು ಅಂತ ಕೇಳಿದೆ. ಅವನು ನಗಲಿಲ್ಲ. "ಇಟ್ಸ್ ಅವರ್ ಕಂಟ್ರಿ, ಡಾಕ್ಟರ್" ಅಂದ. ಹನ್ನೆರಡು ವರ್ಷದಿಂದ ಅವನ ಸಕ್ಕರೆ ಕಾಯಿಲೆ ನೋಡುತ್ತಿರುವವನು ನಾನು. ಕಟ್ಟಿದವರಲ್ಲಿ ಒಳ್ಳೆಯವರೂ ಇದ್ದಾರು, ಹುರುಪಿಗೆ ಕಟ್ಟಿದವರೂ ಇದ್ದಾರು. ಆದರೆ ಯಾರು ಯಾವ ಮನಸ್ಸಿನಿಂದ ಕಟ್ಟಿದರು ಎಂದು ಕಂಬ ನೋಡಿದರೆ ತಿಳಿಯುವುದಿಲ್ಲ. ರೇಣುಕಾ ಸಂಜೆಯ ವಾಕಿಂಗ್ ಬಿಟ್ಟಿದ್ದಾಳೆ.

ನಾನೇನು ಮಾಡಿದೆ ಗೊತ್ತೇ? ಅಂಗಡಿಗೆ ಹೋಗಿ ಅದೇ ಬಾವುಟ ಕೊಂಡು ನಮ್ಮ ಕಿಟಕಿಗೆ ಕಟ್ಟಿದೆ. ಎಲ್ಲರಿಗಿಂತ ದೊಡ್ಡದು. ನಿಮ್ಮನ್ನು ಆಡಿಕೊಂಡು ನಗುತ್ತಿದ್ದವನು. ಪ್ರೀತಿಯಿಂದ ಕಟ್ಟಿದ್ದರೆ ಬೇರೆ ಮಾತಿತ್ತು, ನಾನು ಕಟ್ಟಿದ್ದು ನಮ್ಮ ಗಾಜಿಗೆ ಕಲ್ಲು ಬೀಳದಿರಲಿ ಅಂತ. ನನಗೆ ನನ್ನ ಮೇಲೆಯೇ ಹೇಸಿಗೆಯಾಗಿದೆ.

ನೀನು ಹೋಗಿ ಹೇಳು. ಹೇಳಿದರೆ ಏನಾಗುತ್ತದೋ ನನಗೆ ತಿಳಿಯದು. ಹೇಳದಿದ್ದರೆ ಏನಾಗುತ್ತದೆ ಎಂದು ಮಾತ್ರ ನನಗೂ ಗೊತ್ತು, ನಿನಗೂ ಗೊತ್ತು.

ಅಣ್ಣ


ಗೈದರ್ಸ್‌ಬರ್ಗ್
28 ಸೆಪ್ಟೆಂಬರ್ 2025, ರವಿವಾರ

ಅಣ್ಣಾ,

ಹೌದು. ನಾನೇ.

ಕಸದ ಡಬ್ಬಿಗೆ ಹಾಕಲು ನನಗೆ ಕೈ ಬರಲಿಲ್ಲ. ಅವ್ವ ಮಾಡಿದಂತೆ ಮಾಡಿದೆ. ಯಾರಾದರೂ ನೋಡಿದರೆ ಏನು ತಿಳಿದುಕೊಂಡಾರು ಎಂಬ ಯೋಚನೆಯೇ ಬರಲಿಲ್ಲ, ನಮ್ಮ ಹಿತ್ತಲು ಹುಬ್ಬಳ್ಳಿಯ ಹಿತ್ತಲೇ ಅನ್ನುವ ಹಾಗೆ. ಹೊಗೆ ನೋಡಿ ಶ್ರಾವಣಿ ಬಕೀಟಿನಲ್ಲಿ ನೀರು ಹಿಡಿದು ಓಡಿ ಬಂದಳು. "ಅಮ್ಮಾ, ನೀರು ಇಲ್ದೆ ಬೆಂಕಿ ಹಚ್ಬಾರ್ದು" ಅಂತ ಬಯ್ದು ಪಕ್ಕದಲ್ಲಿ ನಿಂತಳು. ನಾನು ಬಗ್ಗಿ ಗಿಡದ ಬುಡ ಕೆದರುತ್ತಿದ್ದೆ. ಆಗ ಆ ಫೋಟೋ.

ಆ್ಯಪ್‌ನಲ್ಲಿ ಬಂದ ಸಂಜೆ ನಾನು ಬಾಗಿಲು, ಕಿಟಕಿ ಎಲ್ಲ ಹಾಕಿಕೊಂಡು ಕೂತಿದ್ದೆ. ಅವಳೇ ಹೇಳಿದಳು, "ಲೆಟ್ ದೆಮ್ ಥಿಂಕ್ ಇಟ್ಸ್ ಮಿ. ನಾನು ಇಲ್ಲೇ ಹುಟ್ಟಿದೀನಿ ಅಮ್ಮಾ, ನಂಗೇನೂ ಮಾಡಕ್ಕಾಗಲ್ಲ. ನಿಂದು ಇಂಟರ್‌ವ್ಯೂ ಇದೆ." ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವಳನ್ನು ತಬ್ಬಿಕೊಂಡು ಅತ್ತೆ, ಆಯಿತು ಅಂದೆ. ಇವರಿಗೂ ಅದನ್ನೇ ಹೇಳಿದೆ, ನಿನಗೂ ಅದನ್ನೇ ಬರೆದೆ. ನಾನು ಎಂಥ ತಾಯಿ ಅಂತ ನೀನು ಬರೆಯಲಿಲ್ಲ. ನಾನೇ ಬರೆಯುತ್ತೇನೆ, ಹೇಡಿ.

ಸಂದರ್ಶನದಲ್ಲಿ ಬಾವುಟದ ಮಾತೇ ಬರಲಿಲ್ಲ. ಇಪ್ಪತ್ತೆರಡು ನಿಮಿಷ. ಆರು ಪ್ರಶ್ನೆ ಕೇಳಿದರು, ಆರನ್ನೂ ಹೇಳಿದೆ. ಯಾರೂ ಏನೂ ಬರೆದು ಹಾಕಿರಲಿಲ್ಲ ಅಂತ ಕಾಣುತ್ತದೆ. ಅಧಿಕಾರಿ ಕೈಕುಲುಕಿದರು. ಆಮೇಲಾದರೂ ಹೇಳಿದೆನೇ? ಇಲ್ಲ. ಪೌರತ್ವದ ಪ್ರಮಾಣವಚನ ಮುಗಿಯಲಿ ಅಂತ ಮುಂದಕ್ಕೆ ಹಾಕಿದೆ. ಅದರ ನಡುವೆ ನಿನ್ನ ಪತ್ರ ಬಂತು.

ಸೆಪ್ಟೆಂಬರ್ ಹದಿಮೂರು, ಶನಿವಾರ ಬೆಳಿಗ್ಗೆ ಒಬ್ಬಳೇ ಠಾಣೆಗೆ ಹೋದೆ. ಕ್ಯಾಪ್ಟನ್ ಅರವತ್ತರ ಹತ್ತಿರದ ಮನುಷ್ಯ, ಟ್ರಕ್ಕಿನ ಕೆಳಗಿನಿಂದ ಎದ್ದು ಬಂದರು. ಪೂರ್ತಿ ಹೇಳಿದೆ. ಅವ್ವ, ಬೆಂಗೇರಿ, ಕರ್ಪೂರ, ಕಣಗಿಲೆ. ಅವರು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದುಕೊಂಡು ಹೋಗಿ ಒಂದು ನೀಲಿ ಡಬ್ಬಿ ತೋರಿಸಿದರು. ಅಂಚೆ ಡಬ್ಬಿಯಷ್ಟು ದೊಡ್ಡದು, ತುಂಬ ಹಳೆಯ ಬಾವುಟಗಳು. ಹರಿದ ಬಾವುಟವನ್ನು ಇಲ್ಲಿಯೂ ಸುಡುವುದೇ ಪದ್ಧತಿಯಂತೆ. ಜೂನ್‌ನಲ್ಲಿ ಠಾಣೆಯ ಹಿಂದೆ ಎಲ್ಲರೂ ಸಾಲಾಗಿ ನಿಂತು, ಸೆಲ್ಯೂಟ್ ಹೊಡೆದು, ತಾವೇ ಸುಡುತ್ತಾರಂತೆ. "ನೀವು ಅಂದೇ ಬಂದು ಇದನ್ನು ಹೇಳಿದ್ದರೆ, ನಾನೇ ಆ ಓಣಿಗೆ ಹೋಗಿ ಮನೆಮನೆಗೂ ಹೇಳುತ್ತಿದ್ದೆ" ಅಂದರು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಅಂದೇ ಮಧ್ಯಾಹ್ನ ಅವರು ಆ್ಯಪ್‌ನಲ್ಲಿ ತಮ್ಮ ಹೆಸರು ಹಾಕಿ ನಡೆದದ್ದನ್ನು ಬರೆದರು. ಇನ್ನೂರು ಮಂದಿ ಬಯ್ದ ಕಡೆ ಹದಿನೇಳು ಮಂದಿ ಕ್ಷಮಿಸಿ ಎಂದು ಬರೆದಿದ್ದಾರೆ. ಫೋಟೋ ತೆಗೆದವರು ಏನೂ ಬರೆಯದೆ ಅದನ್ನು ತೆಗೆದುಹಾಕಿದರು. ಕೆಡೆಟ್ ಅಂಗಿಯನ್ನು ಕ್ಯಾಪ್ಟನ್ ತಾವೇ ಮನೆಗೆ ತಂದು ಕೊಟ್ಟು, ಶ್ರಾವಣಿಯ ಹತ್ತಿರ ಬಾಗಿಲಲ್ಲೇ ನಿಂತು ಸಾರಿ ಕೇಳಿದರು. ಅವಳು ಥ್ಯಾಂಕ್ಯೂ ಅಂದಳು. ಅಂಗಿ ಈಗಲೂ ಸೋಫಾದ ಮೇಲೆ ಹಾಗೇ ಇದೆ.

ಅವರು ಹೋದ ಮೇಲೆ ನಾನು ಅವಳ ಎದುರು ಕೂತೆ. "ತಪ್ಪಾತು ಕೂಸ. ನೀನೇ ಹೇಳಿದ್ದಿ ಅಂತ ನಾ ಸುಮ್ಮನ ಕೂತೆ" ಅಂದೆ. ಹೆದರಿದಾಗಲೂ ಅತ್ತಾಗಲೂ ನನ್ನ ಬಾಯಲ್ಲಿ ಹುಬ್ಬಳ್ಳಿಯ ಮಾತೇ ಬರುತ್ತದೆ. ಅವಳು ಅಳಲಿಲ್ಲ.

"ನಾನು ಹೇಳ್ದೆ, ಐ ನೋ. ನಾನೇ ಹೇಳ್ದೆ" ಅಂದಳು. "ಬಟ್ ನೀನು ನೋ ಅಂತೀಯ ಅಂದ್ಕೊಂಡೆ. ಫಸ್ಟ್ ಡೇ ಅಂತೀಯ ಅಂದ್ಕೊಂಡೆ. ಆಮೇಲೆ ಇಂಟರ್‌ವ್ಯೂ ಆದ್ಮೇಲೆ. ಸೆವೆಂಟಿ ಟೂ ಡೇಸ್, ಅಮ್ಮಾ. ನಾನು ದಿನಾ ಕಾದೆ."

ಆಮೇಲೆ ಆ ಎಪ್ಪತ್ತೆರಡು ದಿನವನ್ನು ನಾನೂ ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿದೆ.

ಪ್ರಮಾಣವಚನ ಅಕ್ಟೋಬರ್ ಹತ್ತಕ್ಕೆ, ಬಾಲ್ಟಿಮೋರ್‌ನಲ್ಲಿ. ಇವರಿಗೆ ರಜೆ ಸಿಕ್ಕಿಲ್ಲ. ಮನೆಯವರು ಒಳಗೆ ಬಂದು ಕೂತು ನೋಡಬಹುದು ಎಂದು ಕಾಗದದಲ್ಲಿ ಬರೆದಿದ್ದಾರೆ. ನಿನ್ನೆ ಅವಳನ್ನು ಕೇಳಿದೆ, ಬರತೀ ಏನು ಅಂತ. ಹೊಸದಾಗಿ ಲೈಸೆನ್ಸ್ ಸಿಕ್ಕಿದೆಯಲ್ಲ, "ಡ್ರೈವ್ ಮಾಡ್ತೀನಿ" ಅಂದಳು. ಖುಷಿಯಿಂದ ಎದ್ದೆ. ಆಗ ಅಂದಳು, "ಒಳಗೆ ಬರಲ್ಲ ಅಮ್ಮಾ. ನೀನು ಬರೋವರ್ಗೂ ಕಾರಲ್ಲಿ ಕೂತಿರ್ತೀನಿ."

ಸಿದ್ದಿ